ಪೆಟ್ಟಿಗಿ ಒದರತದಂತ ವೈರ್ ಕೀಳಬ್ಯಾಡ್ರಿ

ಮೊನ್ನೆ ಬಾಜೂಮನಿ ವೈನಿ ನಮ್ಮ ಗ್ವಾಡಿಗೆ ಹಚ್ಚಿದ ಸಣ್ಣ ಪೆಟ್ಟಿಗಿ ನೋಡಿ "ಇದೇನ್ರಿ ಹೊಸಾದು?" ಅಂದ್ರು. ಕರೆಂಟ್ ಹೋದರ ಒದರೋ ಅಲಾರಂ ಅಂದೆ. "ಅಯ್ಯ, ಕರೆಂಟ್ ಹೋಗಿದ್ದು ತಿಳೀಲಿಕ್ಕೂ ಅಲಾರಂ ಬೇಕೇನ್ರಿ!" ಅಂತ ನಕ್ಕರು.

ಬೇಕ್ರಿ. ಇನ್ವರ್ಟರ್ ಇದ್ದ ಮನ್ಯಾಗ ದೀಪ ಆರೂದಿಲ್ಲ, ಫ್ಯಾನ್ ನಿಂದ್ರೂದಿಲ್ಲ, ಕರೆಂಟ್ ಹೋಗಿದ್ದು ಗೊತ್ತಾಗೂದೇ ಇಲ್ಲ. ನಮ್ಮ ಅತ್ತಿಯವರ ಆಕ್ಸಿಜನ್ ಮಶೀನ್ ಇನ್ವರ್ಟರಿಗೆ ಭಾರ ಆಗತದಂತ ಬ್ಯಾರೆ ಪ್ಲಗ್ಗಿಗೆ ಹಚ್ಚೇವಿ. ಆ ಮಶೀನಿನೊಳಗೂ ಒಂದು ಅಲಾರಂ ಅದ, ಆದರ ಅದು ಒದರಬೇಕಂದ್ರ ಒಳಗಿನ ಸಣ್ಣ ಬ್ಯಾಟರಿ ಜೀವಂತ ಇರಬೇಕು. ಹೋದ ಶ್ರಾವಣದಾಗ ಒಂದು ರಾತ್ರಿ ಕರೆಂಟ್ ಹೋತು, ಆ ಬ್ಯಾಟರಿ ಯಾವಾಗೋ ಸತ್ತಿತ್ತು. ನೀರು ಕುಡೀಲಿಕ್ಕೆ ಎದ್ದಾಗ ಮಶೀನಿನ ಗುರ್ ಸಪ್ಪಳ ಇಲ್ಲ. ಓಡಿ ಹೋಗಿ ನೋಡಿದರ ಅತ್ತಿಯವರ ತುಟಿ ನೀಲಿ ಆಗಿದ್ವು. ಸಿಲಿಂಡರ್ ಹಚ್ಚೂತನಾ ನನ್ನ ಕೈ ನಡಗತಿದ್ವು. ಫ್ಯಾನ್ ಮಾತ್ರ ಮ್ಯಾಲ ಆರಾಮ ತಿರಗತಿತ್ತು.

ಆಮ್ಯಾಲ, ಕಾರ್ಖಾನ್ಯಾಗ ಮೀಟರ್ ನೋಡ್ಕೊಳ್ಳೋ ನನ್ನ ಮಗ ಈ ಪೆಟ್ಟಿಗಿ ತಂದ. ಮೊದಲ ವಾರ ಅದರ ಕಾಟ ಕೇಳಬ್ಯಾಡ್ರಿ. ಪಂಪ್ ಚಾಲೂ ಆಗಿ ದೀಪ ಒಂದು ಸಲ ಮಂಕಾದರೂ ಒದರೂದೇ. ನಮ್ಮನಿಯವರು ವೈರ್ ಕಿತ್ತಿಟ್ಟರು. ನಾ ಸಿಟ್ಟಾದೆ, ಖರೆ, ಆದರ ಅವರಿಗೂ ನಿದ್ದಿ ಬೇಕಲ್ಲ. ಯಾವಾಗ ಒದರಬೇಕು ಅಂತ ಪೆಟ್ಟಿಗಿಗೆ ನಾವು ಹೇಳೇ ಇರಲಿಲ್ಲ.

ಹೇಳೂದು ಎರಡು ಲೆಕ್ಕ: ಎಷ್ಟು ಇಳೀಬೇಕು, ಎಷ್ಟು ಹೊತ್ತು ಇಳದಿರಬೇಕು. ನಮ್ಮ ಮನಿ ಕರೆಂಟ್ 230 ವೋಲ್ಟ್. ಅದರಾಗ ನೂರಕ್ಕ 90, ಅಂದ್ರ 207ಕ್ಕಿಂತ ಇಳಿದರ ಲೋ ವೋಲ್ಟೇಜ್. ನೂರಕ್ಕ 10, ಅಂದ್ರ 23 ವೋಲ್ಟಿನ ಕೆಳಗ ಹೋದರ ಕರೆಂಟ್ ಹೋದಂಗ. ಸೊನ್ನೆ ಯಾಕಲ್ಲ ಅಂತ ಕೇಳಿದೆ. ಕರೆಂಟ್ ಹೋದ ಮ್ಯಾಲೂ ತಿರಗೋ ಮೋಟಾರು ನಿಂದ್ರೂತನಾ ತಂತ್ಯಾಗ ಒಂದೀಟು ಉಳದಿರತದಂತ. ಸೊನ್ನೆ ಆಗಲಿ ಅಂತ ಕಾಯಕೋತ ಕೂತರ ತಡಾ ಆಗತದ. ಕಾರ್ಖಾನಿ ಮೀಟರಂತೂ ಸೆಕೆಂಡಿಗೆ 100 ಸಲ ನೋಡತಾವಂತ, ನಮಗ ಅಷ್ಟೆಲ್ಲಾ ಬ್ಯಾಡ.

ಈಗ ನಮ್ಮದು ಕರೆಂಟ್ ಹೋಗಿ 5 ಸೆಕೆಂಡ್ ಆದಮ್ಯಾಲ ಒದರತದ. ಲೋ ವೋಲ್ಟೇಜ್ ಒಂದು ನಿಮಿಷ ನಿಂತರ ಮಾತ್ರ ಪೀಂ ಅಂತದ. ತಿರುಗಿ 212 ದಾಟೂತನಾ ಸರಿ ಆತು ಅಂತ ಒಪ್ಪೂದಿಲ್ಲ, ಇಲ್ಲಾಂದ್ರ 207ರ ಆಜೂಬಾಜೂ ಜೋಕಾಲಿ ಆಡಿದಾಗೆಲ್ಲಾ ಲೆಕ್ಕ ಮೊದಲಿಂದ ಶುರು ಆಗತದ. ಕರೆಂಟ್ ಬಂದ ಮ್ಯಾಲೂ ಕೆಂಪು ದೀಪ ಹಂಗ ಇರತದ, ಯಾರಾದರೂ ಬಂದು ಗುಂಡಿ ಒತ್ತಬೇಕು. ಆ ನೆವದಾಗ ಮಶೀನ್ ತಿರುಗಿ ಚಾಲೂ ಆಗೇದೋ ಇಲ್ಲೋ ನೋಡಿದಂಗ ಆಗತದ.

ವೈನಿ ತಮ್ಮ ಫ್ರಿಜ್ಜಿಗೂ ಒಂದು ತರಸಲೇನು ಅಂದ್ರು. ಯಾಕ್ರಿ, ಬಾಗಲಾ ತಗೀದಿದ್ದರ ಫ್ರಿಜ್ ನಾಕು ತಾಸು ತಡೀತದ ಅಂದೆ. ಮನ್ಯಾಗ ಹಿಂಥಾ ಮಶೀನ್ ಮ್ಯಾಲ ಇರೋರು ಇದ್ದರ ಮಾತ್ರ ತಗೋರಿ, ಮತ್ತ ಅದರ ಬ್ಯಾಟರಿ ಮರೀಬ್ಯಾಡ್ರಿ. ನಮ್ಮನಿಯವರು ಈಗ ರವಿವಾರಕ್ಕೊಮ್ಮೆ ಪೆಟ್ಟಿಗಿ ಪ್ಲಗ್ ತಗದು, ಒದರತದೋ ಇಲ್ಲೋ ನೋಡಿ, ತಿರುಗಿ ಹಚ್ಚತಾರ.