ಪರ್ಸೆಂಟ್ ಹುಚ್ಚು

ಇಲ್ಲಿ ಅಮೆರಿಕದಲ್ಲಿ ಮನೇಲೇ ಬಿಯರ್ ಮಾಡೋ ಗೆಳೆಯರು ಸೇರಿದರೆ ಒಂದೇ ಮಾತು: "ನಿಂದು ಎಷ್ಟು ಪರ್ಸೆಂಟ್ ಬಂತು?" ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಅಂದರೆ ಮಾಲ್ಟನ್ನು ಬಿಸಿನೀರಲ್ಲಿ ನೆನೆಸಿದಾಗ ಬರಬಹುದಾದ ಸಕ್ಕರೆಯಲ್ಲಿ ಎಷ್ಟು ಪಾಲು ಕೈಗೆ ಸಿಕ್ತು ಅನ್ನೋ ಲೆಕ್ಕ ಇದು. 85 ಬಂದವನು ಕಾಲರ್ ಎತ್ತುತ್ತಾನೆ. 62 ಬಂದವನು ಮಾರನೇ ದಿನ ಹೊಸ ಪಂಪು ಆರ್ಡರ್ ಮಾಡ್ತಾನೆ!

ಅಲ್ಲ ಸ್ವಾಮಿ, ಮೊದಲು ಕಾಳು ನೋಡಿದ್ರಾ? ಒಡೆಸಿ ತಂದ ಮಾಲ್ಟನ್ನು ಅಂಗೈಲಿ ಹಾಕ್ಕೊಂಡು ನೋಡಿ. ಇಡೀ ಕಾಳು ಉಳಿದಿದ್ರೆ ಒಳಗಿನ ಪಿಷ್ಟಕ್ಕೆ ನೀರು ಸರಿಯಾಗಿ ಮುಟ್ಟೋದೇ ಇಲ್ಲ. ಒಳಗಿನದು ರವೆಯಾಗಬೇಕು, ಹೊಟ್ಟು ಪುಡಿಯಾಗದೆ ಉಳಿಯಬೇಕು. ಸೋಸುವಾಗ ಅದೇ ಜರಡಿ. ನಾನೂ ಆರು ತಿಂಗಳು ಥರ್ಮಾಮೀಟರಿಗೆ ಬೈದವನೇ. ಕೊನೆಗೆ ಮಿಲ್ಲಿನ ರೋಲರ್‌ಗಳ ಸಂದು 1.3 ಮಿ.ಮೀ.ನಿಂದ 1 ಮಿ.ಮೀ.ಗೆ ಇಳಿಸಿದೆ, 62 ಇದ್ದದ್ದು 73 ಆಯ್ತು. ಖರ್ಚು ಸೊನ್ನೆ! ಗಂಟು ಉಳಿಯದ ಹಾಗೆ ಕಲಕಿ, 66 ಡಿಗ್ರಿ ಸೆಲ್ಸಿಯಸ್ ಸುತ್ತ ಒಂದು ಗಂಟೆ ಇಡಿ, ಪಿಎಚ್ 5.2ರಿಂದ 5.6ರೊಳಗಿರಲಿ. ಅಷ್ಟೇ.

ಇನ್ನೂ ಬೇಕು ಅಂತ ಬಿಸಿನೀರು ಸುರಿದು ಸುರಿದು ತೊಳೀತಾ ಕೂತ್ರೆ ಸಕ್ಕರೆ ಮುಗಿದು, ಪಿಎಚ್ ಏರಿ, ಹೊಟ್ಟಿನ ಟ್ಯಾನಿನ್ ಇಳಿಯುತ್ತೆ. ಬಿಯರ್ ಒಗರು. ಟನ್‌ಗಟ್ಟಲೆ ಮಾಲ್ಟ್ ಹಾಕೋ ಕಾರ್ಖಾನೆಗೆ ಒಂದು ಪರ್ಸೆಂಟೂ ದುಡ್ಡೇ. ಐದು ಕಿಲೋ ಹಾಕೋ ನಮಗೆ? ಅರ್ಧ ಕಿಲೋ ಜಾಸ್ತಿ ಹಾಕಿದ್ರೆ ಆಯ್ತಪ್ಪ! 70 ಬಂದರೂ ಸರಿ, ಪ್ರತಿ ಸಲ 70 ಬರಲಿ. ಆಗ ರೆಸಿಪಿ ಲೆಕ್ಕ ತಪ್ಪಲ್ಲ.

ಗ್ಲಾಸ್ ಕೈಗೆ ಕೊಟ್ಟಾಗ ಪರ್ಸೆಂಟ್ ಕೇಳಿ ಕುಡಿದ ನೆಂಟರನ್ನು ನಾನಂತೂ ಕಂಡಿಲ್ಲ. ನೀವು ಕಂಡಿದ್ರೆ ಹೇಳಿ :)