ಎಲೆಬಳ್ಳಿಯ ಲೆಕ್ಕದಲ್ಲಿ ಬೆವರಿಗೇಕೆ ಸೊನ್ನೆ?

ನಿಶ್ಚಿತಾರ್ಥದ ತಾಂಬೂಲದಿಂದ ದೇವರ ಪೂಜೆಯವರೆಗೆ ವೀಳ್ಯದೆಲೆಯಿಲ್ಲದ ಶುಭಕಾರ್ಯ ಮಲೆನಾಡಿನಲ್ಲಿಲ್ಲ. ಆದರೆ ಆ ಎಲೆ ಬೆಳೆದ ಅರ್ಧ ಎಕರೆಯ ರೈತನ ಮನೆಯಲ್ಲಿ ಎಷ್ಟು ಉಳಿಯಿತೆಂದು ಕೇಳುವವರು ವಿರಳ. ಎಲೆಕೃಷಿಯ ಯಶೋಗಾಥೆಗಳು ಮಾರಾಟದ ಒಟ್ಟು ಹಣವನ್ನೇ ಆದಾಯವೆಂದು ಸಾರುತ್ತವೆ. ಮನೆಮಂದಿಯ ದುಡಿಮೆಗೆ ಕೂಲಿ ಕಟ್ಟುವುದಿಲ್ಲ. ಇದು ಲೆಕ್ಕವಲ್ಲ, ಲೆಕ್ಕದ ಸೋಗು.

ಎಲೆಬಳ್ಳಿ ನೆಟ್ಟು ಮರೆಯುವ ಬೆಳೆಯಲ್ಲ. ಬಳ್ಳಿ ಏರಿದಂತೆಲ್ಲ ಅಡಿಕೆ ಮರಕ್ಕೆ ಕಟ್ಟಬೇಕು. ಎತ್ತರ ಮೀರಿದಾಗ ಇಳಿಸಿ, ಬುಡದಲ್ಲಿ ಸುತ್ತಿ ಮಣ್ಣು ಮುಚ್ಚಬೇಕು. ಏಣಿ ಹತ್ತಿ ಒಂದೊಂದೇ ಎಲೆ ಕೊಯ್ಯಬೇಕು. ಗಾತ್ರ ನೋಡಿ ಜೋಡಿಸಿ ಕಟ್ಟು ಕಟ್ಟಬೇಕು. ನೂರೆಲೆಯ ಕಟ್ಟಿಗೆ 50 ರೂಪಾಯಿ, ಒಂದು ದಿನದ ಕೊಯ್ಲು 20 ಕಟ್ಟು ಎಂದಿಟ್ಟುಕೊಂಡರೆ ಬರುವುದು 1,000 ರೂಪಾಯಿ. ಕೊಯ್ಲಿನ ಕೂಲಿ 500, ಜೋಡಿಸುವ ಅರ್ಧ ದಿನದ ದುಡಿಮೆಗೆ 250, ಸಾಗಣೆ ಮತ್ತು ದಲ್ಲಾಳಿಗೆ 150 ಕಳೆದರೆ ಉಳಿಯುವುದು 100. ಗೊಬ್ಬರ, ಸೊಪ್ಪು, ನೀರು, ಔಷಧಿಯ ಖರ್ಚು ಇನ್ನೂ ಬಾಕಿ. ದರ 40ಕ್ಕೆ ಇಳಿದ ದಿನ ರೈತನೇ ಕೈಯಿಂದ 100 ರೂಪಾಯಿ ತೆತ್ತಂತಾಗುತ್ತದೆ. ಅಂಕಿಗಳು ಊರಿಂದೂರಿಗೆ ಬದಲಾದಾವು. ಲೆಕ್ಕದ ಕ್ರಮ ಬದಲಾಗದು.

ಮನೆಯವರ ಕೆಲಸಕ್ಕೆ ಕೂಲಿಯೇಕೆ ಎಂಬ ಆಕ್ಷೇಪವುಂಟು. ಅದೇ ಕೈಗಳು ಬೇರೆಡೆ ದುಡಿದರೆ ಕೂಲಿ ಸಿಗುತ್ತದೆ ಎಂಬುದೇ ಉತ್ತರ. ಬೆಂಗಳೂರಿನ ಬಸ್ಸು ಹತ್ತಿದ ತರುಣರು ಈ ಲೆಕ್ಕವನ್ನು ಮನಸ್ಸಿನಲ್ಲೇ ಮಾಡಿ ಮುಗಿಸಿದ್ದಾರೆ.

ಅಡಿಕೆ ಏರಿದರೆ ಎಲೆಯೂ ಏರುತ್ತದೆಂಬ ನಂಬಿಕೆಯೂ ಪೊಳ್ಳು. ಗುಟ್ಕಾ, ಪಾನ್ ಮಸಾಲಾಗಳು ಅಡಿಕೆಯನ್ನು ಕೊಂಡವು, ಎಲೆಯನ್ನು ಕೈಬಿಟ್ಟವು. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾದರೂ ಪೊಟ್ಟಣದ ಚಟ ಹೋಗಲಿಲ್ಲ. ಅಡಿಕೆಯನ್ನು ಒಣಗಿಸಿ ಕಾಯಬಹುದು. 1973ರಲ್ಲಿ ಸ್ಥಾಪನೆಯಾದ ಕ್ಯಾಂಪ್ಕೋದಂತಹ ಸಹಕಾರಿ ಸಂಸ್ಥೆಗಳು ಅದರ ಬೆನ್ನಿಗಿವೆ. ಕೊಯ್ದ ಎಲೆ ಕೆಲವೇ ದಿನಗಳಲ್ಲಿ ಹಳದಿಯಾಗುತ್ತದೆ, ಕೊಳೆಯುತ್ತದೆ. ಕಾಯಲಾರದವನು ಚೌಕಾಸಿ ಮಾಡಲಾರ. 2019ರ ಆಗಸ್ಟ್‌ನಲ್ಲಿ ಪಾಕಿಸ್ತಾನ ಭಾರತದೊಂದಿಗಿನ ವ್ಯಾಪಾರ ನಿಲ್ಲಿಸಿದಾಗ ಎಲೆಯ ಹಳೆಯದೊಂದು ಮಾರುಕಟ್ಟೆ ಮುಚ್ಚಿತು. 2020ರ ಮಾರ್ಚ್‌ನಲ್ಲಿ ದೇಶವೇ ಸ್ತಬ್ಧವಾಗಿ ಮದುವೆ, ಜಾತ್ರೆಗಳು ನಿಂತಾಗ ಬಳ್ಳಿ ಮಾತ್ರ ಚಿಗುರುವುದನ್ನು ನಿಲ್ಲಿಸಲಿಲ್ಲ.

ಹಾಗೆಂದು ಬಳ್ಳಿ ಕಿತ್ತೆಸೆಯಬೇಕೆ? ಖಂಡಿತ ಬೇಡ. ನಿಂತಿರುವ ಅಡಿಕೆ ಮರವನ್ನೇ ಏರುವ ಬಳ್ಳಿಗೆ ಕಾಡು ಕಡಿದು ಹೊಸ ನೆಲ ಮಾಡಬೇಕಿಲ್ಲ. ವರ್ಷಕ್ಕೊಮ್ಮೆ ಬರುವ ಅಡಿಕೆ ಹಣದ ನಡುವೆ ಸಂತೆ ಖರ್ಚಿಗೆ ಆಗುವುದು ಈ ಎಲೆಯೇ. ಮೆಣಸು, ಏಲಕ್ಕಿ, ಬಾಳೆಗಳ ಜತೆಗೆ ಅದು ತೋಟದ ಒಂದು ಆಸರೆ. ಎಲೆಯೊಂದನ್ನೇ ನಂಬಿ ಸಾಲ ಮಾಡಿ ಬಳ್ಳಿತೋಟ ಎಬ್ಬಿಸುವುದು ಮಾತ್ರ ಜೂಜು. ಮಳೆಗಾಲದ ಕೊಳೆರೋಗ ಒಮ್ಮೆ ಹೊಕ್ಕರೆ ಬುಡದಿಂದಲೇ ಬಳ್ಳಿ ಸಾಯುತ್ತದೆ.

ಇನ್ನೊಂದು ಲೆಕ್ಕವನ್ನೂ ಮರೆಯಬಾರದು. ಉತ್ತರ ಕನ್ನಡದ ಘಟ್ಟದ ಮೇಲೆ ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟ ಬಿಟ್ಟ ಪದ್ಧತಿಯಿದೆ. ಆ ಬೆಟ್ಟ ಬೋಳಾದರೆ ತೋಟದ ತಂಪೂ ಹೋಗುತ್ತದೆ, ಸೊಪ್ಪಿನ ಬದಲು ಗೊಬ್ಬರದ ಚೀಲ ಬರುತ್ತದೆ. ಬೆಟ್ಟ ಕಾಯುವುದು ಪರಿಸರವಾದಿಗಳ ಹವ್ಯಾಸವಲ್ಲ. ಅದು ಸಣ್ಣ ರೈತನ ಉತ್ಪಾದನಾ ವೆಚ್ಚದ ಪ್ರಶ್ನೆ.

ಆದ್ದರಿಂದ ಊರೂರಿನ ಎಲೆ ಬೆಳೆಗಾರರು ಕೊಯ್ಲಿನ ದಿನ ಹಂಚಿಕೊಳ್ಳಲಿ, ಒಂದೇ ವಾಹನದಲ್ಲಿ ಎಲೆ ಕಳುಹಿಸಲಿ, ಪೇಟೆಯ ದರವನ್ನು ಹಾಲಿನ ಡೈರಿಯ ಹಲಗೆಯಲ್ಲಿ ನಿತ್ಯ ಬರೆಯಲಿ. ಅಡಿಕೆಯ ಸಹಕಾರಿ ಸಂಘಗಳು ಎಲೆಯತ್ತಲೂ ಕಣ್ಣು ಹಾಯಿಸಲಿ. ವಿದ್ಯಾರ್ಥಿಗಳು ತಮ್ಮ ಮನೆಯ ತೋಟದಲ್ಲಿ ಒಂದು ವರ್ಷ ಪುಸ್ತಕ ಇಡಲಿ: ಕೊಯ್ದ ಕಟ್ಟೆಷ್ಟು, ಬಂದ ದರವೆಷ್ಟು, ಅಮ್ಮ ಎಲೆ ಜೋಡಿಸಲು ಕುಳಿತ ತಾಸುಗಳೆಷ್ಟು. ಕೊನೆಯ ಅಂಕಣ ತುಂಬದ ಯಾವ ಯಶೋಗಾಥೆಯನ್ನೂ ಮಲೆನಾಡು ಇನ್ನು ನಂಬಬಾರದು.