‘ಸರ್ವರ್ ಡೌನ್’ ಎಂಬ ಹೊಸ ‘ನಾಳೆ ಬಾ’

ಬೆಂಗಳೂರು: ವಿಲ್ಸನ್ ಗಾರ್ಡನ್ನಿನ 10ನೇ ಅಡ್ಡರಸ್ತೆಯ ಆಸುಪಾಸಿನಲ್ಲಿ ಯಾವುದೇ ಜೆರಾಕ್ಸ್ ಅಂಗಡಿಯ ಮುಂದೆ ಹತ್ತು ನಿಮಿಷ ನಿಂತರೆ ಸಾಕು, ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: ‘ಸರ್ವರ್ ಡೌನ್ ಸಾರ್, ನಾಳೆ ಬನ್ನಿ’. ಆದಾಯ ಪ್ರಮಾಣಪತ್ರಕ್ಕೆ ಬಂದವರಿಗೂ ಅದೇ ಉತ್ತರ, ಖಾತೆಗೆ ಬಂದವರಿಗೂ ಅದೇ ಉತ್ತರ. ಹಿಂದೊಮ್ಮೆ ಇದೇ ನಗರದ ಮನೆಬಾಗಿಲುಗಳ ಮೇಲೆ ದೆವ್ವವನ್ನು ಹಿಂದಕ್ಕೆ ಕಳುಹಿಸಲು ‘ನಾಳೆ ಬಾ’ ಎಂದು ಸುಣ್ಣದಲ್ಲಿ ಬರೆಯುತ್ತಿದ್ದರು. ಈಗ ಆ ಬರಹ ಗಣಕದ ಪರದೆಗೆ ಏರಿದೆ. ಹಿಂದಿರುಗಿ ಹೋಗುತ್ತಿರುವವರು ಮಾತ್ರ ದೆವ್ವಗಳಲ್ಲ, ತೆರಿಗೆ ಕಟ್ಟುವ ನಾಗರಿಕರು.

ಸರ್ವರ್ ನಿಜಕ್ಕೂ ಕೆಟ್ಟಿತ್ತೇ ಎಂಬುದು ಬೇರೆ ಪ್ರಶ್ನೆ. ಅನೇಕ ವೇಳೆ ಅದು ಕೆಟ್ಟಿರುವುದಿಲ್ಲ. ಅರ್ಜಿ ತುಂಬಿ ‘ಸಲ್ಲಿಸಿ’ ಎಂಬ ಗುಂಡಿಯನ್ನು ಒತ್ತಿದ ಮೇಲೆ ಪರದೆಯ ನಡುವೆ ಚಕ್ರವೊಂದು ತಿರುಗುತ್ತದೆ, ತಿರುಗುತ್ತಲೇ ಇರುತ್ತದೆ. ಅರ್ಜಿ ಹೋಯಿತೋ, ಹಾದಿಯಲ್ಲಿ ಬಿದ್ದಿತೋ, ತಲುಪಿಯೂ ಉತ್ತರ ಬರಲಿಲ್ಲವೋ ತಿಳಿಯುವುದಿಲ್ಲ. ಕನಿಷ್ಠ ಐದು ಬಗೆಯ ವೈಫಲ್ಯಗಳಿಗೆ ನಾವು ಒಂದೇ ಹೆಸರಿಟ್ಟು ಕೈತೊಳೆದುಕೊಂಡಿದ್ದೇವೆ. ಆಡಳಿತವೂ ಆ ಹೆಸರಿನ ಮರೆಯಲ್ಲಿ ನೆಮ್ಮದಿಯಿಂದಿದೆ.

ಹಾಳೆ ಬದಲಾಗದ ಅರ್ಜಿ

ಇದರ ಮೂಲ ತಿಳಿಯಲು ತುಸು ಹಿಂದಕ್ಕೆ ಹೋಗಬೇಕು. ಜಾಲತಾಣಗಳ ಮೊದಲ ದಿನಗಳಲ್ಲಿ ಅರ್ಜಿ ಸಲ್ಲಿಸಿದೊಡನೆ ಇಡೀ ಪುಟ ಮಾಯವಾಗಿ ಹೊಸ ಪುಟ ಬರುತ್ತಿತ್ತು. ಬಾರದಿದ್ದರೆ ಬ್ರೌಸರೇ ‘ಪುಟ ಸಿಗಲಿಲ್ಲ’ ಎಂದು ಬಾಯಿಬಿಟ್ಟು ಹೇಳುತ್ತಿತ್ತು. ಆ ಪುಟವನ್ನು ಮರಳಿ ತೆರೆಯಲು ಹೊರಟರೆ ‘ಅದೇ ಮಾಹಿತಿಯನ್ನು ಮತ್ತೆ ಕಳುಹಿಸಬೇಕೇ?’ ಎಂದು ಎಚ್ಚರಿಸುತ್ತಿತ್ತು. ಒರಟು ವ್ಯವಸ್ಥೆ, ಆದರೆ ಪ್ರಾಮಾಣಿಕ.

1999ರಲ್ಲಿ ಮೈಕ್ರೋಸಾಫ್ಟಿನ ಇಂಟರ್ನೆಟ್ ಎಕ್ಸ್‌ಪ್ಲೋರರ್ 5 ಪುಟವನ್ನು ಬದಲಿಸದೆಯೇ ಹಿನ್ನೆಲೆಯಲ್ಲಿ ಸರ್ವರ್ ಜೊತೆ ಮಾತನಾಡುವ ಸೌಲಭ್ಯವನ್ನು ತಂದಿತು. 2004ರಲ್ಲಿ ಜಿಮೇಲ್, 2005ರಲ್ಲಿ ಗೂಗಲ್ ಮ್ಯಾಪ್ಸ್ ಅದರ ಸೊಗಸನ್ನು ಲೋಕಕ್ಕೆ ತೋರಿಸಿದವು. 2005ರ ಫೆಬ್ರುವರಿಯಲ್ಲಿ ಜೆಸ್ಸಿ ಜೇಮ್ಸ್ ಗ್ಯಾರೆಟ್ ಎಂಬ ವಿನ್ಯಾಸಕಾರರು ಈ ವಿಧಾನಕ್ಕೆ ‘ಅಜಾಕ್ಸ್’ ಎಂದು ಹೆಸರಿಟ್ಟರು. ಕಾಕತಾಳೀಯವೆಂಬಂತೆ ಬೆಂಗಳೂರು ಒನ್ ಕೇಂದ್ರಗಳು ಆರಂಭವಾದದ್ದೂ ಅದೇ ವರ್ಷ. ಇಂದು ಸರ್ಕಾರಿ, ಖಾಸಗಿ ಎಂಬ ಭೇದವಿಲ್ಲದೆ ಬಹುಪಾಲು ಅರ್ಜಿಗಳು ಹೀಗೆಯೇ, ಪುಟದೊಳಗಿನ ತಂತ್ರಾಂಶದ ತುಣುಕೊಂದರ ಮೂಲಕ ರವಾನೆಯಾಗುತ್ತವೆ.

ಇಲ್ಲಿಯೇ ತೊಡಕು. ಕಳುಹಿಸುವ ಕೆಲಸವನ್ನು ಬ್ರೌಸರಿನಿಂದ ಈ ತುಣುಕು ವಹಿಸಿಕೊಂಡಾಗ, ಸೋಲನ್ನು ಹೇಳುವ ಹೊಣೆಯೂ ಅದಕ್ಕೇ ಬಂದಿತು. ಗೆದ್ದರೆ ಏನು ತೋರಿಸಬೇಕೆಂಬುದನ್ನು ಅದನ್ನು ಬರೆದವರು ಬರೆದಿರುತ್ತಾರೆ. ಏಕೆಂದರೆ ಪ್ರದರ್ಶನದ ದಿನ ಅಧಿಕಾರಿಗಳ ಮುಂದೆ ಅದು ಗೆಲ್ಲಲೇಬೇಕು. ಸೋತರೆ ಏನಾಗಬೇಕೆಂಬುದನ್ನು ಬರೆಯದೇ ಬಿಟ್ಟರೆ ಚಕ್ರ ತಿರುಗುತ್ತಲೇ ಉಳಿಯುತ್ತದೆ.

ಎಲ್ಲೆಲ್ಲಿ ಕೆಡುತ್ತದೆ

ಮೊದಲನೆಯದಾಗಿ, ಅರ್ಜಿ ನಿಮ್ಮ ಗಣಕವನ್ನು ಬಿಟ್ಟೇ ಹೊರಟಿಲ್ಲದಿರಬಹುದು. ಪುಟದ ತಂತ್ರಾಂಶದಲ್ಲಿ ಒಂದು ಸಾಲು ಮುಗ್ಗರಿಸಿದರೂ ಗುಂಡಿ ಸತ್ತಂತೆ ಬಿದ್ದಿರುತ್ತದೆ. ಇನ್ನು ಕೆಲವೊಮ್ಮೆ ಕಡತದ ಗಾತ್ರ ಹೆಚ್ಚಾಯಿತೆಂದೋ, ಬರಹದಲ್ಲಿ ಅನುಮಾನಾಸ್ಪದ ಚಿಹ್ನೆಯಿದೆಯೆಂದೋ ಸರ್ವರಿನ ಹೆಬ್ಬಾಗಿಲ ಕಾವಲು ತಂತ್ರಾಂಶವೇ ಅರ್ಜಿಯನ್ನು ಹಿಂದಕ್ಕೆ ಅಟ್ಟುತ್ತದೆ. ಇವೆರಡೂ ಕಿರಿಕಿರಿಯ ಸಂಗತಿಗಳೇ ಹೊರತು ಅಪಾಯಕಾರಿಯಲ್ಲ. ಅರ್ಜಿ ಸೇರಿಲ್ಲ ಎಂಬುದಾದರೂ ನಿಜ.

ಮೂರನೆಯದು ಹೆಚ್ಚು ಕಪಟಿ. ಅರ್ಜಿದಾರರು ದಾಖಲೆಗಳನ್ನು ಹುಡುಕಿ, ಸ್ಕ್ಯಾನ್ ಮಾಡಿಸಿ, ಆಧಾರ್ ಒಟಿಪಿಗೆ ಕಾದು ಅರ್ಜಿ ಮುಗಿಸುವ ಹೊತ್ತಿಗೆ ಅರ್ಧ ಗಂಟೆ ಕಳೆದಿರುತ್ತದೆ. ಅಷ್ಟರಲ್ಲಿ ಅವರ ಪ್ರವೇಶದ ಅವಧಿ ತೀರಿರುತ್ತದೆ. ಗುಂಡಿ ಒತ್ತಿದಾಗ ಸರ್ವರ್ ‘ಅವಧಿ ಮುಗಿದಿದೆ’ ಎನ್ನುವ ಬದಲು ಲಾಗಿನ್ ಪುಟವನ್ನೇ ಉತ್ತರವಾಗಿ ಕಳುಹಿಸುತ್ತದೆ, ಅದೂ ‘ಎಲ್ಲವೂ ಸರಿ’ ಎಂದು ಸಾರುವ 200ರ ಸಂಖ್ಯೆಯೊಡನೆ. ಚಿಕ್ಕದೊಂದು ಸ್ವೀಕೃತಿ ವಿವರವನ್ನು ನಿರೀಕ್ಷಿಸಿದ್ದ ತುಣುಕಿನ ಕೈಗೆ ಇಡೀ ಪುಟವೊಂದು ಬಂದಾಗ ಅದನ್ನು ಓದಲಾರದೆ ಸುಮ್ಮನಾಗುತ್ತದೆ. ಸರ್ವರಿನ ದಾಖಲೆಯಲ್ಲಿ ದೋಷವೇ ಕಾಣುವುದಿಲ್ಲ. ‘ನಮ್ಮ ಕಡೆಯಿಂದ ಎಲ್ಲವೂ ಸರಿಯಿದೆ’ ಎಂದು ತಾಂತ್ರಿಕ ಸಿಬ್ಬಂದಿ ಹೇಳುವುದು ಇಂಥ ಸಂದರ್ಭದಲ್ಲಿ ಸುಳ್ಳೇನಲ್ಲ, ಅರ್ಧಸತ್ಯ.

ಎಲ್ಲಕ್ಕಿಂತ ಘಾತಕವಾದುದು ನಾಲ್ಕನೆಯದು. ಅರ್ಜಿ ತಲುಪುತ್ತದೆ, ದಾಖಲೂ ಆಗುತ್ತದೆ, ಆದರೆ ಉತ್ತರ ತಡವಾಗುತ್ತದೆ. ನಡುವಿನ ದ್ವಾರ ಸರ್ವರುಗಳಿಗೆ ತಾಳ್ಮೆಯ ಮಿತಿಯಿದೆ. ಬಹುಬಳಕೆಯ ಎಂಜಿನ್‌ಎಕ್ಸ್ ತಂತ್ರಾಂಶದಲ್ಲಿ, ಯಾರೂ ಬದಲಿಸದಿದ್ದರೆ, ಅದು 60 ಸೆಕೆಂಡು. ಅದು ಮೀರಿದೊಡನೆ ದ್ವಾರವು 504 ಎಂಬ ಸಂಖ್ಯೆ ಕೊಟ್ಟು ಬಾಗಿಲು ಹಾಕಿಕೊಳ್ಳುತ್ತದೆ. ಒಳಗೆ ಕೆಲಸ ನಡೆದೇ ಇರುತ್ತದೆ. ಹೊರಗಿರುವವನಿಗೆ ಸೋಲಿನ ಸುದ್ದಿ, ಒಳಗಿರುವವನಿಗೆ ಗೆಲುವಿನ ದಾಖಲೆ. ಅರ್ಜಿದಾರ ಮತ್ತೊಮ್ಮೆ ಒತ್ತುತ್ತಾನೆ, ಎರಡನೇ ಅರ್ಜಿ ಹುಟ್ಟುತ್ತದೆ. ಕೆಲವು ದಿನಗಳ ಬಳಿಕ ‘ಒಂದೇ ಹೆಸರಿನಲ್ಲಿ ಎರಡು ಅರ್ಜಿ’ ಎಂಬ ಕಾರಣಕ್ಕೆ ಎರಡೂ ತಿರಸ್ಕೃತವಾದರೂ ಅಚ್ಚರಿಯಿಲ್ಲ. ಐದನೆಯದು ಇದರ ತಮ್ಮ: ಉತ್ತರ ಸಕಾಲದಲ್ಲೇ ಹೊರಟಿರುತ್ತದೆ, ಅಷ್ಟರಲ್ಲಿ ಮೊಬೈಲಿನ ಸಂಪರ್ಕ ಕಡಿದಿರುತ್ತದೆ.

ಕನ್ನಡದಲ್ಲಿ ಬರೆದವರ ಪಾಡು

ಇವೆಲ್ಲ ಲೋಕಸಾಮಾನ್ಯ ತೊಂದರೆಗಳು. ಕನ್ನಡದಲ್ಲಿ ಅರ್ಜಿ ತುಂಬುವವರಿಗೆ ಇನ್ನೂ ಒಂದು ಸುತ್ತು ಶಿಕ್ಷೆಯಿದೆ. ‘ವಿಲ್ಸನ್ ಗಾರ್ಡನ್’ ಎಂಬುದನ್ನೇ ತೆಗೆದುಕೊಳ್ಳಿ. ಇಂಗ್ಲಿಷಿನಲ್ಲಿ ಬರೆದರೆ ನಡುವಣ ಖಾಲಿ ಜಾಗವೂ ಸೇರಿ 13 ಬೈಟು. ಕನ್ನಡದಲ್ಲಿ ಒತ್ತು, ಗುಣಿತ ಎಲ್ಲವೂ ಪ್ರತ್ಯೇಕ ಸಂಕೇತಗಳು. ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದಕ್ಕೂ ಮೂರು ಬೈಟು. ಹಾಗಾಗಿ ಅದೇ ಹೆಸರು 43 ಬೈಟು. ಹಳೆಯ ಅರ್ಜಿ ಪದ್ಧತಿಯಲ್ಲಿ ರವಾನೆಗೆ ಸಂಕೇತಿಸಿದಾಗ ಪ್ರತಿ ಬೈಟೂ ಮೂರು ಚಿಹ್ನೆಗಳಾಗಿ ಹಿಗ್ಗಿ 127ಕ್ಕೆ ಮುಟ್ಟುತ್ತದೆ. ‘10ನೇ ಅಡ್ಡರಸ್ತೆ, ವಿಲ್ಸನ್ ಗಾರ್ಡನ್’ ಎಂದು ಬರೆದರೆ ದಾಖಲೆಯಲ್ಲಿ 81 ಬೈಟು ಬೇಕು. ವಿಳಾಸದ ಮನೆಗೆ ‘50 ಸಾಕು’ ಎಂದು ಜಾಗ ಕೊಟ್ಟ ವಿನ್ಯಾಸಕಾರ ಅಕ್ಷರವನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತಾನೆ. ಒರೇಕಲ್‌ನಂಥ ದತ್ತಾಂಶ ತಂತ್ರಾಂಶ, ಬೇರೆಯದಾಗಿ ಹೇಳದಿದ್ದರೆ, ಬೈಟನ್ನು ಎಣಿಸುತ್ತದೆ. ಹದಿನಾರು ಸಂಕೇತಕ್ಕೆ ಜಾಗ ಮುಗಿಯುತ್ತದೆ. ಅರ್ಜಿ ಬಿದ್ದುಹೋಗುತ್ತದೆ, ಪರದೆಯ ಮೇಲೆ ಚಕ್ರ ತಿರುಗುತ್ತದೆ.

‘ಹೆಸರಿನಲ್ಲಿ ಅಕ್ಷರಗಳು ಮಾತ್ರ ಇರತಕ್ಕದ್ದು’ ಎಂಬ ನಿಯಮವೂ ಹೀಗೆಯೇ ಕೈಕೊಡುತ್ತದೆ. ಯುನಿಕೋಡಿನ ವರ್ಗೀಕರಣದಲ್ಲಿ ‘ಕ’ ಅಕ್ಷರ. ಅದಕ್ಕೆ ಸೇರುವ ಗುಡಿಸು, ಕೊಂಬು, ಅರ್ಧಾಕ್ಷರದ ಗುರುತು ಇವು ಅಕ್ಷರವಲ್ಲ, ‘ಚಿಹ್ನೆ’. ಅಕ್ಷರಕ್ಕಷ್ಟೇ ಅವಕಾಶವಿತ್ತ ತಂತ್ರಾಂಶದ ಪ್ರಕಾರ ‘ಕಮಲ’ ನ್ಯಾಯಸಮ್ಮತ ಹೆಸರು, ‘ಕಿರಣ್’ ಅಲ್ಲ! ಹಳೆಯ ನುಡಿ ಕಡತದಿಂದ ನಕಲಿಸಿ ಅಂಟಿಸಿದವರ ಕಥೆ ಹೇಳುವುದೇ ಬೇಡ, ಅಲ್ಲಿ ಕನ್ನಡವೇ ರೋಮನ್ ಲಿಪಿಯ ಚಿತ್ರಾನ್ನವಾಗಿರುತ್ತದೆ. ಬೇಸತ್ತ ಅಂಗಡಿಯಾತ ಕೊನೆಗೆ ಕೊಡುವ ಸಲಹೆ ಒಂದೇ: ‘ಇಂಗ್ಲಿಷಲ್ಲೇ ಹಾಕಿಬಿಡಿ’. ಆಡಳಿತ ಭಾಷೆಯ ಕುರಿತಾದ ನಮ್ಮ ಆದೇಶಗಳೆಲ್ಲ ಒಂದು ಪೆಟ್ಟಿಗೆಯ ಅಗಲಕ್ಕೆ ಸೋಲುತ್ತಿವೆ ಎಂಬುದನ್ನು ಕನ್ನಡಪರ ಸಂಘಟನೆಗಳೂ ಗಮನಿಸಿದಂತಿಲ್ಲ.

ಗಡಿಯಾರ ಚಲಿಸುವುದು ಯಾವಾಗ?

ವಿಷಯ ತಾಂತ್ರಿಕವೆನಿಸಬಹುದು. ಆದರೆ ಅದರ ಹಿಂದೆ ಹಕ್ಕಿನ ಪ್ರಶ್ನೆಯಿದೆ. 2011ರ ಸಕಾಲ ಕಾಯ್ದೆ 2012ರ ಏಪ್ರಿಲ್‌ನಲ್ಲಿ ರಾಜ್ಯದಾದ್ಯಂತ ಜಾರಿಗೆ ಬಂದಾಗ ನಾಗರಿಕರಿಗೆ ದೊರೆತ ನಿಜವಾದ ಆಯುಧವೆಂದರೆ 15 ಅಂಕಿಗಳ ಸ್ವೀಕೃತಿ ಸಂಖ್ಯೆ. ನಿಗದಿತ ಅವಧಿ ಮೀರಿದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿವರೆಗೆ ಪರಿಹಾರ. ಮೊತ್ತ ಸಣ್ಣದು, ಆದರೆ ತಡಮಾಡಿದ ಅಧಿಕಾರಿಯ ಹೆಸರು ಲೆಕ್ಕಕ್ಕೆ ಬರುತ್ತಿತ್ತು. ಈ ಗಡಿಯಾರ ಚಲಿಸಲು ಸಂಖ್ಯೆ ಬೇಕು. ಸಂಖ್ಯೆ ಸಿಗಲು ಅರ್ಜಿ ಸೇರಬೇಕು. ಹಾದಿಯಲ್ಲಿ ಕಳೆದುಹೋದ ಅರ್ಜಿಗೆ ಸಂಖ್ಯೆಯಿಲ್ಲ, ಆದುದರಿಂದ ವಿಳಂಬವೂ ಇಲ್ಲ, ದೂರೂ ಇಲ್ಲ. ಎಷ್ಟು ಅರ್ಜಿ ಸಕಾಲದಲ್ಲಿ ವಿಲೇವಾರಿಯಾದವು ಎಂಬ ಅಂಕಿಅಂಶದಲ್ಲಿ ಅವು ಕಾಣಿಸಿಕೊಳ್ಳುವುದೇ ಇಲ್ಲ.

ಕಾನೂನು ಮೂಕವಾಗಿದೆಯೆಂದೂ ಹೇಳಲಾಗದು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 13ನೇ ಕಲಮಿನ ಪ್ರಕಾರ, ಕಳುಹಿಸಿದವರ ಹತೋಟಿಯಿಂದಾಚೆಗಿನ ಗಣಕ ವ್ಯವಸ್ಥೆಯನ್ನು ಹೊಕ್ಕಾಗ ವಿದ್ಯುನ್ಮಾನ ದಾಖಲೆ ರವಾನೆಯಾದಂತೆ, ಸ್ವೀಕರಿಸುವವರು ಗೊತ್ತುಮಾಡಿದ ವ್ಯವಸ್ಥೆಯನ್ನು ಹೊಕ್ಕಾಗ ಅದು ತಲುಪಿದಂತೆ. ಪರದೆಯ ಮೇಲೆ ಸಂಖ್ಯೆ ಮೂಡಿತೋ ಇಲ್ಲವೋ ಎಂಬುದು ಅಲ್ಲಿ ಮುಖ್ಯವಲ್ಲ. ಅಂದರೆ 504 ಕಂಡು ಹಿಂದಿರುಗಿದ ಅರ್ಜಿದಾರನ ಅರ್ಜಿ ಕಾನೂನಿನ ದೃಷ್ಟಿಯಲ್ಲಿ ತಲುಪಿರಬಹುದು. ಆದರೆ ಅದನ್ನು ಸಾಬೀತುಪಡಿಸುವ ದಾಖಲೆ ಇರುವುದು ಸರ್ವರಿನಲ್ಲಿ, ಎದುರು ಪಕ್ಷದ ಕೈಯಲ್ಲಿ.

ಹಣದ ವಿಷಯದಲ್ಲಿ ಹೀಗಿಲ್ಲ ಎಂಬುದು ಗಮನಾರ್ಹ. ಖಾತೆಯಿಂದ ಹಣ ಕಡಿತವಾಗಿ ವ್ಯಾಪಾರಿಗೆ ದೃಢೀಕರಣ ತಲುಪದಿದ್ದರೆ ವ್ಯವಹಾರದ ದಿನದಿಂದ ಐದು ದಿನಗಳೊಳಗೆ ತಾನಾಗಿಯೇ ಹಿಂದಿರುಗಬೇಕು, ತಪ್ಪಿದರೆ ದಿನಕ್ಕೆ 100 ರೂಪಾಯಿ ಪರಿಹಾರ ಎಂದು ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರಿನಲ್ಲೇ ಕಟ್ಟಳೆ ಮಾಡಿದೆ. ಯುಪಿಐಗೂ ಕಾರ್ಡಿಗೂ ಇದು ಅನ್ವಯ. ಹಾದಿತಪ್ಪಿದ ನೂರು ರೂಪಾಯಿಗೆ ದಿಕ್ಕುಂಟು, ಹಾದಿತಪ್ಪಿದ ವಿಧವಾ ವೇತನದ ಅರ್ಜಿಗಿಲ್ಲ.

ನೂಕುನುಗ್ಗಲಿನ ದಿನಗಳು

2023ರ ಜೂನ್ 18ರಂದು ಗೃಹಜ್ಯೋತಿ ನೋಂದಣಿ ಸೇವಾಸಿಂಧುವಿನಲ್ಲಿ ಆರಂಭವಾದಾಗ ರಾಜ್ಯ ಈ ದೃಶ್ಯವನ್ನು ದೊಡ್ಡ ಪ್ರಮಾಣದಲ್ಲಿ ಕಂಡಿತು. ಉತ್ತರ ಬಾರದೆ ಹೋದಾಗ ಮನುಷ್ಯ ಮಾಡುವುದೇನು? ಮತ್ತೊಮ್ಮೆ ಒತ್ತುತ್ತಾನೆ. ಲಕ್ಷ ಜನ ಎರಡೆರಡು ಬಾರಿ ಒತ್ತಿದರೆ ಮೊದಲೇ ಬಸವಳಿದ ಸರ್ವರಿಗೆ ಭಾರ ಇಮ್ಮಡಿ. ಭಾರ ಹೆಚ್ಚಿದಷ್ಟೂ ಉತ್ತರ ತಡ, ತಡವಾದಷ್ಟೂ ಒತ್ತುವ ಬೆರಳು ಹೆಚ್ಚು. 2025ರ ಫೆಬ್ರುವರಿಯ ಮೊದಲ ದಿನಗಳಲ್ಲಿ ಕಾವೇರಿ 2.0 ತಂತ್ರಾಂಶ ಸ್ಥಗಿತಗೊಂಡು ಆಸ್ತಿ ನೋಂದಣಿಯೇ ನಿಂತಾಗ ಕಾರಣ ಬೇರೆಯಿತ್ತು. ನಕಲಿ ಖಾತೆಗಳಿಂದ ಋಣಭಾರ ಪತ್ರದ ಹುಡುಕಾಟದ ಕೋರಿಕೆಗಳನ್ನು ಸುರಿದು ವ್ಯವಸ್ಥೆಯನ್ನು ಉಸಿರುಗಟ್ಟಿಸಲಾಗಿದೆ ಎಂದು ಸರ್ಕಾರವೇ ಹೇಳಿ ಪೊಲೀಸರಿಗೆ ದೂರಿತ್ತಿತು. ದುರುದ್ದೇಶದ ದಾಳಿಯೂ ಅಮಾಯಕರ ಅವಸರವೂ ಸರ್ವರಿಗೆ ಕಾಣುವುದು ಹೆಚ್ಚುಕಡಿಮೆ ಒಂದೇ ರೀತಿ. ಉಪನೋಂದಣಾಧಿಕಾರಿ ಕಚೇರಿಗಳ ಮುಂದೆ ಕಾದು ನಿಂತವರಿಗಂತೂ ಎರಡೂ ಒಂದೇ.

ಪರಿಹಾರ ಇಲ್ಲವೆಂದಲ್ಲ. ನಮ್ಮ ಹಳೆಯ ಟಪಾಲು ಶಾಖೆಯಲ್ಲಿಯೇ ಅದು ಇತ್ತು. ಗುಮಾಸ್ತರು ಅರ್ಜಿಯನ್ನು ಓದುತ್ತಿರಲಿಲ್ಲ, ಮೊದಲು ಮುದ್ರೆ ಒತ್ತಿ ಪ್ರತಿಯನ್ನು ಕೈಗಿಡುತ್ತಿದ್ದರು. ಪರಿಶೀಲನೆ ಆಮೇಲಿನ ಮಾತು. ಇಂದಿನ ಅನೇಕ ಆನ್‌ಲೈನ್ ಅರ್ಜಿಗಳು ಸ್ವೀಕಾರವನ್ನೂ ಪರಿಶೀಲನೆಯನ್ನೂ ಒಂದೇ ಉಸಿರಿನಲ್ಲಿ ಮಾಡಹೊರಡುತ್ತವೆ. ಆಧಾರ್ ಹೊಂದಾಣಿಕೆ, ಪಡಿತರ ಚೀಟಿಯ ತಪಾಸಣೆ, ಹಣ ಪಾವತಿ ಎಲ್ಲವೂ ಮುಗಿದ ಮೇಲಷ್ಟೇ ಸಂಖ್ಯೆ. ಸರಪಳಿಯ ಒಂದು ಕೊಂಡಿ ಸಡಿಲವಾದರೂ ಇಡೀ ಅರ್ಜಿ ನೀರುಪಾಲು. ‘ಸ್ವೀಕರಿಸಿದ್ದೇವೆ, ಕೆಲಸ ಬಾಕಿಯಿದೆ’ ಎಂದು ಹೇಳಲೆಂದೇ ಜಾಲದ ನಿಯಮಾವಳಿಯಲ್ಲಿ 202 ಎಂಬ ಸಂಖ್ಯೆಯಿದೆ. ಅದನ್ನು ಬಳಸಲು ಹೊಸ ಯಂತ್ರವೇನೂ ಬೇಡ.

ಇನ್ನೊಂದು ಉಪಾಯ ಪಾವತಿ ಸಂಸ್ಥೆಗಳಲ್ಲಿ ರೂಢಿಯಲ್ಲಿರುವಂಥದು. ಅರ್ಜಿ ತೆರೆದಾಗಲೇ ಅದಕ್ಕೊಂದು ಗುರುತಿನ ಸಂಖ್ಯೆ ಕೊಡುವುದು, ಎಷ್ಟು ಬಾರಿ ಒತ್ತಿದರೂ ಅದೇ ಸಂಖ್ಯೆಯೊಡನೆ ಕಳುಹಿಸುವುದು. ಎರಡನೇ ಬಾರಿ ಅದೇ ಸಂಖ್ಯೆ ಕಂಡ ಸರ್ವರ್ ಹೊಸ ದಾಖಲೆ ಸೃಷ್ಟಿಸದೆ ಹಳೆಯ ಉತ್ತರವನ್ನೇ ಮರಳಿಸುತ್ತದೆ. ಆಗ ಮತ್ತೆ ಒತ್ತುವುದು ಅಪರಾಧವಾಗದು. ಇದನ್ನು ಟೆಂಡರಿನ ಷರತ್ತುಗಳಲ್ಲಿ ಒಂದು ಸಾಲಾಗಿ ಸೇರಿಸಲು ಇಲಾಖೆಗಳಿಗೆ ಏಕೆ ಇಷ್ಟು ವರ್ಷ ಬೇಕು ಎಂಬುದು ಅರ್ಥವಾಗದ ಸಂಗತಿ. ಬಹುಶಃ ಸೋತ ಅರ್ಜಿಗಳನ್ನು ಎಣಿಸುವಂತೆ ಯಾರೂ ಕೇಳದಿರುವುದರಿಂದ ಇರಬಹುದು.

ಅಲ್ಲಿಯವರೆಗೆ ನಾಗರಿಕರು ಮಾಡಬಹುದಾದದ್ದು ಅಲ್ಪ, ಆದರೆ ನಿಷ್ಪ್ರಯೋಜಕವಲ್ಲ. ಚಕ್ರ ನಿಲ್ಲದಿದ್ದರೆ ಮರುಕ್ಷಣವೇ ಒತ್ತಬೇಡಿ. ಇನ್ನೊಂದು ಕಿಟಕಿಯಲ್ಲಿ ‘ನನ್ನ ಅರ್ಜಿಗಳು’ ಪುಟವನ್ನು ನೋಡಿ. ಗಣಕದಲ್ಲಾದರೆ ಎಫ್12 ಗುಂಡಿ ಒತ್ತಿ ‘ನೆಟ್‌ವರ್ಕ್’ ಎಂಬ ಭಾಗವನ್ನು ತೆರೆದಿಟ್ಟುಕೊಂಡೇ ಅರ್ಜಿ ಸಲ್ಲಿಸಿ. ಸೋತ ಸಾಲು ಕೆಂಪಾಗಿ ಕಾಣುತ್ತದೆ. ನಾಲ್ಕರಿಂದ ಆರಂಭವಾಗುವ ಸಂಖ್ಯೆಯಾದರೆ ಕಳುಹಿಸಿದ್ದರಲ್ಲಿ ಏನೋ ಒಪ್ಪಿಗೆಯಾಗಿಲ್ಲ, ಐದರಿಂದಾದರೆ ದೋಷ ಅತ್ತ ಕಡೆಯದು, ಸಂಖ್ಯೆಯೇ ಇಲ್ಲದಿದ್ದರೆ ಉತ್ತರ ನಿಮ್ಮನ್ನು ಮುಟ್ಟಿಲ್ಲ. 200 ಇದ್ದೂ ಸ್ವೀಕೃತಿ ಬಾರದಿದ್ದರೆ ಹೊರಬಂದು ಮತ್ತೆ ಲಾಗಿನ್ ಆಗಿ ನೋಡಿ. ಅದರ ಚಿತ್ರವನ್ನು ಸಮಯಸಹಿತ ತೆಗೆದು, ಆಧಾರ್ ಸಂಖ್ಯೆಯನ್ನು ಮರೆಮಾಡಿ, ದೂರಿಗೆ ಲಗತ್ತಿಸಿ. ‘ಸರ್ವರ್ ಡೌನ್ ಇತ್ತು’ ಎಂಬ ದೂರನ್ನು ಮುಚ್ಚಿಹಾಕುವುದು ಸುಲಭ. ‘ಇಂಥ ದಿನ, ಇಷ್ಟು ಗಂಟೆ ಇಷ್ಟು ನಿಮಿಷಕ್ಕೆ 504 ಬಂದಿದೆ, ನಿಮ್ಮ ದಾಖಲೆ ನೋಡಿ’ ಎಂಬುದಕ್ಕೆ ಯಾರಾದರೂ ಉತ್ತರಿಸಲೇಬೇಕಾಗುತ್ತದೆ.

10ನೇ ಅಡ್ಡರಸ್ತೆಯ ಒಂದು ಅಂಗಡಿಯಲ್ಲಿ ಕೀಲಿಮಣೆಯ ಪಕ್ಕ ಉದ್ದನೆಯ ಲೆಕ್ಕದ ಪುಸ್ತಕವೊಂದಿದೆ. ಚಕ್ರ ನಿಲ್ಲದ ಅರ್ಜಿಗಳ ಹೆಸರು, ಸಮಯ ಮತ್ತು ಒತ್ತಿದ ಸಲ ಇಷ್ಟನ್ನು ಅಂಗಡಿಯಾತ ಪೆನ್ನಿನಲ್ಲಿ ಬರೆದಿಡುತ್ತಾರೆ. ಮರುದಿನ ಬೆಳಿಗ್ಗೆ ಜನ ಬರುವ ಮೊದಲು ಒಂದೊಂದನ್ನೇ ತೆರೆದು ಪರೀಕ್ಷಿಸುತ್ತಾರೆ. ಸೇರಿದ್ದರೆ ಟಿಕ್, ಇಲ್ಲವಾದರೆ ಫೋನ್.